ಕಳಿಸಿದವರ ಗುರುತು ಫೈಲಿನ ಗುರುತಲ್ಲ

“ಪರಿಚಯವಿಲ್ಲದವರಿಂದ ಬಂದ ಅಟ್ಯಾಚ್‌ಮೆಂಟ್ ತೆರೆಯಬೇಡಿ.” ಇಮೇಲ್ ಬಳಸುವುದನ್ನು ಕಲಿತ ದಿನದಿಂದ ನಾವೆಲ್ಲ ಕೇಳುತ್ತ ಬಂದಿರುವ ಬುದ್ಧಿಮಾತು ಇದು. ಆಫೀಸಿನ ತರಬೇತಿಯಲ್ಲಿ ಹೇಳುತ್ತಾರೆ, ಬ್ಯಾಂಕಿನವರು ಮೆಸೇಜು ಕಳಿಸುತ್ತಾರೆ, ಊರಿನಲ್ಲಿರುವ ಅಪ್ಪ-ಅಮ್ಮನಿಗೆ ನಾವೂ ಫೋನಿನಲ್ಲಿ ಅದನ್ನೇ ಒಪ್ಪಿಸುತ್ತೇವೆ. ಕೇಳಲು ಸರಿಯಾಗಿಯೇ ಇದೆ. ಆದರೆ ಇದು ಅರ್ಧ ಸತ್ಯ, ಬಿಟ್ಟುಹೋದ ಇನ್ನರ್ಧದಲ್ಲೇ ಅಪಾಯ ಇರುವುದು ಎಂಬುದು ನನ್ನ ಅಭಿಪ್ರಾಯ. ಅಟ್ಯಾಚ್‌ಮೆಂಟಿನಿಂದ ಆದ ಹೆಸರುವಾಸಿ ಅನಾಹುತಗಳನ್ನು ಒಂದೊಂದಾಗಿ ತೆಗೆದು ನೋಡಿ. ಅವು ಅಪರಿಚಿತರ ಹೆಸರಿನಲ್ಲಿ ಬರಲಿಲ್ಲ. ಗೆಳೆಯರ, ಸಹೋದ್ಯೋಗಿಗಳ, ನಂಬಿದ ಸಂಸ್ಥೆಗಳ ಹೆಸರಿನಲ್ಲಿ ಬಂದವು.

ಹಾಗಾಗಿ ‘ಇದನ್ನು ಕಳಿಸಿದವರು ಯಾರು?’ ಎಂಬ ಪ್ರಶ್ನೆಯೊಂದೇ ಸಾಲದು. ‘ಇದು ಯಾವ ಬಗೆಯ ಫೈಲು? ತೆರೆದರೆ ಏನು ಮಾಡುತ್ತದೆ?’ ಎಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆ. ಇದಕ್ಕೆ ಉತ್ತರ ಸಿಗುವಂತೆ ಮಾಡುವ ಹೊಣೆಯನ್ನು ತೆರೆಯುವವರೊಬ್ಬರ ತಲೆಗೇ ಕಟ್ಟುವುದು ಅನ್ಯಾಯ. ಕಳಿಸುವವರಿಗೂ ಸಾಫ್ಟ್‌ವೇರ್ ಮಾಡುವವರಿಗೂ ಅದರಲ್ಲಿ ದೊಡ್ಡ ಪಾಲಿದೆ.

ಊರು ಬಿಟ್ಟು ಬದುಕುವವರಿಗೆ ಇದು ತಂತ್ರಜ್ಞಾನದ ಒಣ ಚರ್ಚೆಯಲ್ಲ. ಹೊಲದ ಪಹಣಿ, ಮನೆ ಪಾಲಿನ ಕರಡುಪತ್ರ, ಅಮ್ಮನ ಸ್ಕ್ಯಾನಿಂಗ್ ರಿಪೋರ್ಟು, ತಮ್ಮನ ಮದುವೆಯ ಕರೆಯೋಲೆ, ಸಂಘದ ಸ್ಮರಣ ಸಂಚಿಕೆಯ ಲೇಖನ ಎಲ್ಲವೂ ನಮಗೆ ಸಿಗುವುದು ಅಟ್ಯಾಚ್‌ಮೆಂಟಿನ ರೂಪದಲ್ಲಿ. ‘ತೆರೆಯಬೇಡಿ’ ಎಂದರೆ ಊರಿನ ಜೊತೆಗಿನ ವ್ಯವಹಾರವೇ ನಿಂತಂತೆ. ತೆರೆಯಲೇಬೇಕಾದವರಿಗೆ ಬೇಕಾದದ್ದು ತೆರೆಯುವ ಮುನ್ನ ನೋಡುವ ಕ್ರಮ.

ಗೆಳೆಯರ ಹೆಸರಿನಲ್ಲಿ ಬಂದ ಪ್ರೇಮಪತ್ರ

2000ನೇ ಇಸವಿಯ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ ಒಂದು ಇಮೇಲ್ ಕೆಲವೇ ಗಂಟೆಗಳಲ್ಲಿ ಜಗತ್ತನ್ನು ಸುತ್ತಿತು. ವಿಷಯದ ಸಾಲಿನಲ್ಲಿ ‘ಐ ಲವ್ ಯೂ’ ಎಂದಿತ್ತು. ಜೊತೆಗಿದ್ದ ಫೈಲಿನ ಹೆಸರು ‘ಲವ್ ಲೆಟರ್ ಫಾರ್ ಯೂ ಡಾಟ್ ಟಿಎಕ್ಸ್‌ಟಿ’. ಟಿಎಕ್ಸ್‌ಟಿ ಎಂದರೆ ಬರೀ ಅಕ್ಷರಗಳ ಫೈಲು, ಅದರಿಂದ ಏನು ತೊಂದರೆ ಎಂದು ಲಕ್ಷಾಂತರ ಜನ ಒತ್ತಿದರು. ನಿಜದಲ್ಲಿ ಆ ಹೆಸರು ಅಲ್ಲಿಗೆ ಮುಗಿದಿರಲಿಲ್ಲ. ಅದರ ಮುಂದೆ ‘ಡಾಟ್ ವಿಬಿಎಸ್’ ಎಂಬ ಇನ್ನೊಂದು ಬಾಲವಿತ್ತು. ಅದು ವಿಂಡೋಸ್ ಪಾಲಿಸುವ ಆದೇಶಗಳ ಫೈಲು, ಅಂದರೆ ಒಂದು ಪ್ರೋಗ್ರಾಂ. ಬಳಕೆದಾರರಿಗೆ ತಲೆನೋವು ಬೇಡವೆಂದು ಫೈಲಿನ ಕೊನೆಯ ಬಾಲವನ್ನು ಅಡಗಿಸಿಡುವುದು ವಿಂಡೋಸಿನ ರೂಢಿ. ಹಾಗಾಗಿ ಜನರ ಕಣ್ಣಿಗೆ ಬಿದ್ದದ್ದು ನಿರುಪದ್ರವಿಯಾದ ಪತ್ರ ಮಾತ್ರ.

ಒತ್ತಿದ ತಕ್ಷಣ ಅದು ಕಂಪ್ಯೂಟರಿನಲ್ಲಿದ್ದ ಫೈಲುಗಳನ್ನು ಹಾಳು ಮಾಡಿತು. ಔಟ್‌ಲುಕ್‌ನ ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ತನ್ನದೇ ಪ್ರತಿಯನ್ನು ಕಳಿಸಿತು. ಹೀಗಾಗಿ ಪ್ರತಿಯೊಬ್ಬರಿಗೂ ಆ ಪತ್ರ ಬಂದದ್ದು ಪರಿಚಯದವರಿಂದಲೇ. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ತನ್ನ ಮೇಲ್ ವ್ಯವಸ್ಥೆಯನ್ನೇ ಮುಚ್ಚಬೇಕಾಯಿತು. ಅಂದು ಫಿಲಿಪ್ಪೀನ್ಸ್‌ನಲ್ಲಿ ಇಂಥ ಕೃತ್ಯವನ್ನು ಶಿಕ್ಷಿಸುವ ಕಾನೂನೇ ಇರಲಿಲ್ಲ, ಆದ್ದರಿಂದ ಮೊಕದ್ದಮೆ ಬಿದ್ದುಹೋಯಿತು.

‘ಪರಿಚಿತರಿಂದ ಬಂದದ್ದನ್ನು ಮಾತ್ರ ತೆರೆಯಿರಿ’ ಎಂಬ ನಿಯಮವನ್ನು ಅಂದು ಚಾಚೂ ತಪ್ಪದೆ ಪಾಲಿಸಿದವರೂ ಮುಳುಗಿದರು. ಅವರನ್ನು ಉಳಿಸಬಹುದಾಗಿದ್ದದ್ದು ಒಂದೇ: ಫೈಲಿನ ಪೂರ್ತಿ ಹೆಸರು ಕಣ್ಣಿಗೆ ಕಾಣುವಂತಿದ್ದರೆ ಸಾಕಿತ್ತು. ಇಷ್ಟೆಲ್ಲ ಆಗಿ 20 ವರ್ಷದ ಮೇಲಾಯಿತು. ಇಂದಿಗೂ ಹೊಸ ವಿಂಡೋಸ್ ಲ್ಯಾಪ್‌ಟಾಪ್ ತಂದು ತೆರೆದರೆ ಆ ಬಾಲ ಅಡಗಿಯೇ ಇರುತ್ತದೆ. ಇದನ್ನು ಬಳಕೆದಾರರ ಅಜಾಗರೂಕತೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮ ದೇಶದ ಎರಡು ಪ್ರಕರಣಗಳನ್ನೂ ನೋಡೋಣ. ಮುಂಬೈಯಲ್ಲಿ ಮುಖ್ಯ ಕಚೇರಿ ಇರುವ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಿಂದ 2016ರ ಜುಲೈನಲ್ಲಿ 17.1 ಕೋಟಿ ಡಾಲರ್ ವಿದೇಶಕ್ಕೆ ಹೊರಟುಹೋಗಿತ್ತು. ಬ್ಯಾಂಕು ಬೇಗ ಎಚ್ಚೆತ್ತು ಹಣವನ್ನು ಮರಳಿ ಪಡೆಯಿತು. ರಿಸರ್ವ್ ಬ್ಯಾಂಕಿನಿಂದ ಬಂದಂತೆ ಕಂಡ ಮೇಲ್‌ನ ಅಟ್ಯಾಚ್‌ಮೆಂಟನ್ನು ಸಿಬ್ಬಂದಿಯೊಬ್ಬರು ತೆರೆದದ್ದರಿಂದ ಇದು ಶುರುವಾಯಿತು ಎಂದು ಆಗ ವರದಿಯಾಯಿತು. ಬ್ಯಾಂಕಿನವರಿಗೆ ರಿಸರ್ವ್ ಬ್ಯಾಂಕಿಗಿಂತ ಹೆಚ್ಚು ಪರಿಚಿತ ಹೆಸರು ಯಾವುದಿದೆ?

ಇನ್ನೊಂದು, ಇನ್ನೂ ನ್ಯಾಯಾಲಯದಲ್ಲಿರುವ ಭೀಮಾ ಕೋರೆಗಾಂವ್ ಪ್ರಕರಣ. ಆರೋಪಿಗಳಲ್ಲಿ ಒಬ್ಬರಾದ ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪಿನ ಪ್ರತಿಯನ್ನು ಅವರ ವಕೀಲರ ಕೋರಿಕೆಯ ಮೇಲೆ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಎಂಬ ಸಂಸ್ಥೆ ಪರೀಕ್ಷಿಸಿತು. ಅದರ ವರದಿ 2021ರ ಫೆಬ್ರವರಿಯಲ್ಲಿ ಹೊರಬಂತು. ಆ ವರದಿ ಹೇಳುವ ಕಥೆ ಹೀಗಿದೆ: 2016ರ ಜೂನ್ 13ರಂದು ಹೈದರಾಬಾದಿನ ಕವಿ ವರವರ ರಾವ್ ಅವರ ಇಮೇಲ್ ಖಾತೆಯನ್ನು ಯಾರೋ ಬಳಸಿ, ಒಂದು ದಾಖಲೆಯನ್ನು ತೆರೆಯುವಂತೆ ವಿಲ್ಸನ್ ಅವರಿಗೆ ಪದೇ ಪದೇ ಬರೆದರು. ಅದು ‘ಆರ್‌ಎಆರ್’ ಬಗೆಯ ಫೈಲು. ತೆರೆದಾಗ ಕಣ್ಣಿಗೆ ಒಂದು ದಾಖಲೆ ಕಂಡಿತು. ಹಿಂದೆ ನೆಟ್‌ವೈರ್ ಎಂಬ, ದೂರದಿಂದ ಕಂಪ್ಯೂಟರನ್ನು ಆಳುವ ಸಾಫ್ಟ್‌ವೇರ್ ಬಂದು ಕೂತಿತು. ಮುಂದಿನ 22 ತಿಂಗಳಲ್ಲಿ ಆ ದಾರಿಯಿಂದಲೇ ಲ್ಯಾಪ್‌ಟಾಪಿನೊಳಗೆ ದಾಖಲೆಗಳನ್ನು ಇಡಲಾಯಿತು ಎಂಬುದು ವರದಿಯ ವಾದ. ಈ ವರದಿಯನ್ನು ಎನ್‌ಐಎ ಒಪ್ಪಿಲ್ಲ. ಯಾರು ಸರಿ ಎಂಬುದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ನನ್ನದಲ್ಲ. ಆದರೆ ಒಂದು ಅಟ್ಯಾಚ್‌ಮೆಂಟಿನ ಮೇಲೆ ಎಷ್ಟು ದೊಡ್ಡ ಪ್ರಶ್ನೆ ನಿಲ್ಲಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಇಲ್ಲೂ ಕಳಿಸಿದವರ ಹೆಸರು ಪರಿಚಿತವಾಗಿತ್ತು, ಖಾತೆಯೂ ಅಸಲಿಯಾಗಿತ್ತು.

ಲೇಬಲ್ ಬರೆಯುವವರು ಯಾರು?

ಇಮೇಲ್ ಹುಟ್ಟಿದ್ದು ಬರೀ ಅಕ್ಷರಗಳನ್ನು ಸಾಗಿಸಲಿಕ್ಕೆ. ಚಿತ್ರ, ಧ್ವನಿ, ದಾಖಲೆಗಳನ್ನು ಅದರ ಜೊತೆ ಕಟ್ಟಿ ಕಳಿಸುವ ಇಂದಿನ ಪದ್ಧತಿಗೆ ‘ಮೈಮ್’ ಎಂದು ಹೆಸರು. ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ರೂಪಿಸಿದ ಈ ಪದ್ಧತಿಯ ಮೊದಲ ಅಟ್ಯಾಚ್‌ಮೆಂಟನ್ನು ಬೊರೆನ್‌ಸ್ಟೈನ್ ಕಳಿಸಿದ್ದು 1992ರ ಮಾರ್ಚ್ 11ರಂದು. ಅವರು ಗೆಳೆಯರೊಂದಿಗೆ ಹಾಡುತ್ತಿದ್ದ ನಾಲ್ವರ ತಂಡದ ಒಂದು ಫೋಟೊ, ಒಂದು ಹಾಡು.

ಈ ಪದ್ಧತಿಯಲ್ಲಿ ಪ್ರತಿ ಅಟ್ಯಾಚ್‌ಮೆಂಟಿನ ಮೇಲೂ ‘ಇದು ಚಿತ್ರ’, ‘ಇದು ಪಿಡಿಎಫ್’ ಎಂಬ ಒಂದು ಲೇಬಲ್ ಇರುತ್ತದೆ. ಅದನ್ನು ಹಚ್ಚುವುದು ಕಳಿಸುವವರ ಕಡೆಯ ಸಾಫ್ಟ್‌ವೇರ್. ಅದಕ್ಕೇ ಬಗೆ ಗೊತ್ತಾಗದಿದ್ದರೆ ‘ಆಕ್ಟೆಟ್ ಸ್ಟ್ರೀಮ್’, ಅಂದರೆ ‘ಏನೋ ಒಂದಷ್ಟು ಬೈಟುಗಳು’ ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ಫೈಲಿಗೆ ಹೆಸರಿಡುವುದೂ ಕಳಿಸುವವರೇ. ಪಾರ್ಸೆಲ್ ಡಬ್ಬದ ಮೇಲೆ ‘ಮೈಸೂರು ಪಾಕ್’ ಎಂದು ಬರೆದಿದ್ದರೆ ಅದು ಬರೆದವರ ಮಾತು, ಒಳಗಿರುವುದರ ಸಾಕ್ಷಿಯಲ್ಲ.

ಒಳಗಿರುವುದಕ್ಕೆ ತನ್ನದೇ ಗುರುತು ಇರುತ್ತದೆ. ಹೆಚ್ಚಿನ ಫೈಲುಗಳ ಮೊದಲ ಕೆಲವು ಅಕ್ಷರಗಳೇ ಅವುಗಳ ಜಾತಕ ಹೇಳುತ್ತವೆ. ಪಿಡಿಎಫ್ ಆದರೆ ಆರಂಭದಲ್ಲಿ ಶೇಕಡಾ ಚಿಹ್ನೆ, ಅದರ ಬೆನ್ನಿಗೆ ಪಿಡಿಎಫ್ ಎಂಬ ಮೂರು ಇಂಗ್ಲಿಷ್ ಅಕ್ಷರ. ಜಿಪ್ ಆದರೆ ‘ಪಿಕೆ’; ಆ ಪದ್ಧತಿಯನ್ನು ಮಾಡಿದ ಫಿಲ್ ಕಾಟ್ಜ್ ಹೆಸರಿನ ಮೊದಲಕ್ಷರಗಳು. ವಿಂಡೋಸ್ ಪ್ರೋಗ್ರಾಂ ಆದರೆ ‘ಎಂಜೆಡ್’. ಮೈಕ್ರೋಸಾಫ್ಟ್‌ನ ಎಂಜಿನಿಯರ್ ಮಾರ್ಕ್ ಜ್ಬಿಕೋವ್ಸ್ಕಿ ಹೆಸರಿನ ಮೊದಲಕ್ಷರಗಳು. ಈಗಿನ ವರ್ಡ್, ಎಕ್ಸೆಲ್ ಫೈಲುಗಳು ಕೂಡ ‘ಪಿಕೆ’ಯಿಂದಲೇ ಶುರುವಾಗುತ್ತವೆ. ಏಕೆಂದರೆ ಅವು ಒಳಗಿನಿಂದ ಜಿಪ್ ಫೈಲುಗಳೇ.

ಇದನ್ನು ನೋಡಲು ದುಬಾರಿ ಸಲಕರಣೆ ಬೇಡ. ಫೈಲಿನ ಮೇಲೆ ಎರಡು ಸಲ ಒತ್ತದೆ, ಮೊದಲು ನೋಟ್‌ಪ್ಯಾಡ್ ತೆರೆದುಕೊಳ್ಳಿ. ಅದರ ‘ಓಪನ್’ ಮೆನುವಿನಲ್ಲಿ ‘ಆಲ್ ಫೈಲ್ಸ್’ ಆರಿಸಿ ಆ ಫೈಲನ್ನು ತೆರೆಯಿರಿ. ಪರದೆ ತುಂಬ ಕಸ ಕಾಣುತ್ತದೆ, ಗಾಬರಿಯಾಗಬೇಡಿ. ನೋಟ್‌ಪ್ಯಾಡ್‌ಗೆ ಓದುವುದು ಮಾತ್ರ ಗೊತ್ತು, ಆದೇಶ ಪಾಲಿಸುವುದು ಗೊತ್ತಿಲ್ಲ. ಮೊದಲ ಎರಡು-ಮೂರು ಅಕ್ಷರ ನೋಡಿ, ಸೇವ್ ಮಾಡದೆ ಮುಚ್ಚಿಬಿಡಿ. ‘ಇನ್‌ವಾಯ್ಸ್’ ಎಂದು ಹೇಳಿಕೊಂಡು ಬಂದ ಫೈಲು ‘ಎಂಜೆಡ್’ನಿಂದ ಶುರುವಾದರೆ ಮುಂದೆ ಯೋಚಿಸುವ ಅಗತ್ಯವೇ ಇಲ್ಲ, ಅಳಿಸಿಬಿಡಿ.

ಹಾಗೆಂದು ಗುರುತಕ್ಷರ ಸರಿಯಿದ್ದ ಮಾತ್ರಕ್ಕೆ ಫೈಲು ಸುರಕ್ಷಿತ ಎಂದಲ್ಲ. ಅದು ತಾನು ಹೇಳಿಕೊಂಡ ಬಗೆಯದೇ ಎಂದಷ್ಟೇ ಗೊತ್ತಾಗುತ್ತದೆ. ಬಾಲದ ಹೆಸರು ಪೂರ್ತಿ ಕಂಡರೂ ಕಣ್ಣು ಮೋಸ ಹೋಗಬಹುದು. ಉರ್ದು, ಅರಬ್ಬಿಯಂಥ ಬಲದಿಂದ ಎಡಕ್ಕೆ ಸಾಗುವ ಲಿಪಿಗಳಿಗಾಗಿ ಯೂನಿಕೋಡ್‌ನಲ್ಲಿ ಒಂದು ಕಾಣದ ಸಂಕೇತವಿದೆ. ‘ಇಲ್ಲಿಂದ ಮುಂದಿನದನ್ನು ತಿರುಗಿಸಿ ತೋರಿಸು’ ಎನ್ನುವ ಸಂಕೇತ. ಹೈದರಾಬಾದಿನ ಬೋರ್ಡುಗಳಲ್ಲಿ ಇಂಗ್ಲಿಷ್ ಪಕ್ಕ ಉರ್ದು ಬರೆದಂತೆ ಕಂಪ್ಯೂಟರಿನಲ್ಲಿ ಬರೆಯಬೇಕಾದರೆ ಇಂಥದ್ದು ಬೇಕೇ ಬೇಕು. ಇದನ್ನೇ ವಂಚಕರು ಫೈಲಿನ ಹೆಸರಿನೊಳಗೆ ತೂರಿಸುತ್ತಾರೆ. ಬ್ರಿಟಿಷರ ರೀತಿಯಲ್ಲಿ ಬರೆದರೆ ‘ಅನೆಕ್ಸ್’ ಎಂಬ ಪದದ ಕೊನೆಯ ಮೂರು ಅಕ್ಷರ ಇ, ಎಕ್ಸ್, ಇ. ಹಿಂದುಮುಂದಾಗಿ ಓದಿದರೂ ಅದೇ. ಪರದೆಯ ಮೇಲೆ ‘ಅನೆಕ್ಸ್ ಡಾಟ್ ಡಾಕ್’ ಎಂದು ಕಾಣುವ ಫೈಲಿನ ಅಸಲಿ ಬಾಲ, ನಡುವೆ ಅಡಗಿ ಕೂತಿರುವ ಆ ‘ಇಎಕ್ಸ್‌ಇ’ಯೇ ಆಗಿರಬಹುದು. ಅನೆಕ್ಸ್, ಅನೆಕ್ಷರ್ ಇಲ್ಲದೆ ಪತ್ರವನ್ನೇ ಬರೆಯದ ಸರ್ಕಾರಿ ಲೋಕ ನಮ್ಮದು. ಯಾರಿಗೆ ಅನುಮಾನ ಬಂದೀತು?

ವಿಚಿತ್ರವೆಲ್ಲ ವಿಷವಲ್ಲ

ಇಲ್ಲಿಯವರೆಗೆ ಓದಿದವರು ಗೊತ್ತಿಲ್ಲದ ಬಾಲವನ್ನೆಲ್ಲ ಅಳಿಸಿಬಿಡಲು ಹೊರಟರೆ ಅದೂ ನಷ್ಟವೇ. ಗೊತ್ತಿಲ್ಲದ ಬಗೆಯ ಫೈಲುಗಳಲ್ಲಿ ಎಷ್ಟೋ ಸಾಧುಗಳಿವೆ. ‘ವಿನ್‌ಮೇಲ್ ಡಾಟ್ ಡ್ಯಾಟ್’ ಎಂಬುದು ಹೆಸರು ಕೇಳಿದರೇ ಭಯ ಹುಟ್ಟಿಸುತ್ತದೆ. ಅದು ಔಟ್‌ಲುಕ್ ತನ್ನದೇ ರೀತಿಯಲ್ಲಿ ಕಟ್ಟಿದ ಗಂಟು, ಬೇರೆ ಮೇಲ್ ವ್ಯವಸ್ಥೆಗೆ ಬಿಚ್ಚಲು ಬರುವುದಿಲ್ಲ ಅಷ್ಟೆ. ಕಳಿಸಿದವರಿಗೆ ‘ಪಿಡಿಎಫ್ ಮಾಡಿ ಮತ್ತೆ ಕಳಿಸಿ’ ಎಂದರೆ ಮುಗಿಯಿತು. ‘ಪಿ7ಎಸ್’ ಎಂಬುದು ಡಿಜಿಟಲ್ ಸಹಿ. ‘ಐಸಿಎಸ್’ ಕ್ಯಾಲೆಂಡರಿನ ಆಹ್ವಾನ. ‘ವಿಸಿಎಫ್’ ಯಾರದೋ ಫೋನ್ ನಂಬರಿನ ಚೀಟಿ. ‘ಎಚ್‌ಇಐಸಿ’ ಎಂದರೆ 2017ರಿಂದ ಐಫೋನುಗಳು ಫೋಟೊ ಉಳಿಸುವ ರೀತಿ. ಅಣ್ಣನ ಮಗ ಐಫೋನ್ ಕೊಂಡ ಮೇಲೆ ಅವನು ಕಳಿಸುವ ನಾಮಕರಣದ ಫೋಟೊಗಳು ನಿಮ್ಮ ಹಳೆಯ ಕಂಪ್ಯೂಟರಿನಲ್ಲಿ ತೆರೆಯದಿದ್ದರೆ ಕಾರಣ ಇದೇ.

ಕನ್ನಡಿಗರಿಗಂತೂ ಗೊತ್ತಿಲ್ಲದ ಫೈಲು ಹಳೆಯ ನೆಂಟ. ಸಂಘದ ಸ್ಮರಣ ಸಂಚಿಕೆಗೆ ದುಡಿದವರನ್ನು ಕೇಳಿ. ಒಬ್ಬರ ಕಥೆ ಬರಹದ ಫೈಲಿನಲ್ಲಿ, ಇನ್ನೊಬ್ಬರ ಕವನ ನುಡಿಯಲ್ಲಿ, ಪ್ರೆಸ್ಸಿನವರು ಕಳಿಸಿದ ಪುಟ ಪೇಜ್‌ಮೇಕರಿನಲ್ಲಿ, ಮುಖಪುಟ ಕೋರೆಲ್ ಡ್ರಾದಲ್ಲಿ. ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ‘ಅಕ್ಷರ ಬರುತ್ತಿಲ್ಲವೇ? ಈ ಫಾಂಟ್ ಹಾಕಿಕೊಳ್ಳಿ’ ಎಂದು ಜೊತೆಗೇ ಇನ್ನೊಂದು ಫೈಲು. ಭಾಷೆಯನ್ನು ಓದುವ ಆಸೆಗೆ, ಎಲ್ಲಿಂದಲೋ ಬಂದ ಫಾಂಟನ್ನೂ ಸಾಫ್ಟ್‌ವೇರನ್ನೂ ಕಣ್ಣುಮುಚ್ಚಿ ಇನ್‌ಸ್ಟಾಲ್ ಮಾಡಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಬೆಳೆಯಿತು. ಫಾಂಟಿನಿಂದ ಏನಾಗುತ್ತದೆ ಎನ್ನಬೇಡಿ. 2011ರಲ್ಲಿ ಪತ್ತೆಯಾದ ‘ಡುಕು’ ಎಂಬ ಮಾಲ್‌ವೇರ್ ಒಳನುಗ್ಗಿದ್ದು ವರ್ಡ್ ಫೈಲಿನೊಳಗೆ ಅಡಗಿಸಿದ ಒಂದು ಫಾಂಟಿನ ಮೂಲಕ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಇಂದು ಎಲ್ಲ ಫೋನು, ಕಂಪ್ಯೂಟರುಗಳಲ್ಲೂ ಕನ್ನಡ ತಾನಾಗಿಯೇ ಮೂಡುತ್ತದೆ. ಆದ್ದರಿಂದ ಕನ್ನಡ ಓದಲು ಫಾಂಟ್ ಹಾಕಿಕೊಳ್ಳಿ ಎಂದು ಯಾರಾದರೂ ಫೈಲು ಕಳಿಸಿದರೆ, ಯೂನಿಕೋಡ್‌ನಲ್ಲೋ ಪಿಡಿಎಫ್‌ನಲ್ಲೋ ಕಳಿಸಿ ಎಂದು ಕೇಳುವ ಹಕ್ಕು ನಮಗಿದೆ.

ಮೂರು ರಾಶಿ

ನೂರಾರು ಬಾಲಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು ಯಾರಿಗೂ ಸಾಧ್ಯವಿಲ್ಲ. ಮನಸ್ಸಿನಲ್ಲಿ ಮೂರು ರಾಶಿ ಮಾಡಿಕೊಂಡರೆ ಸಾಕು.

ಮೊದಲನೆಯದು ನೋಡುವ ಫೈಲು: ಚಿತ್ರ, ಧ್ವನಿ, ವಿಡಿಯೊ, ಬರೀ ಅಕ್ಷರದ ಫೈಲು, ಪಿಡಿಎಫ್. ಇವುಗಳಲ್ಲೂ ಅಪಾಯ ಇಲ್ಲವೆಂದಲ್ಲ; ಪಿಡಿಎಫ್ ಒಳಗೆ ಮೋಸದ ಲಿಂಕ್ ಇರಬಹುದು, ತೆರೆಯುವ ಸಾಫ್ಟ್‌ವೇರಿನಲ್ಲಿ ದೋಷ ಇರಬಹುದು. ಆದರೆ ಸಾಫ್ಟ್‌ವೇರನ್ನು ಅಪ್‌ಡೇಟ್ ಮಾಡಿಟ್ಟುಕೊಂಡು, ಒಳಗಿನ ಲಿಂಕ್ ಒತ್ತದಿದ್ದರೆ ಅಪಾಯ ಕಡಿಮೆ. ಜಿಮೇಲ್‌ನಂಥ ಕಡೆ ಡೌನ್‌ಲೋಡ್ ಮಾಡದೆ ಬ್ರೌಸರಿನಲ್ಲೇ ಮುನ್ನೋಟ ನೋಡಿದರೆ ಇನ್ನೂ ಕಡಿಮೆ. ಅಲ್ಲಿ ಫೈಲನ್ನು ಬಿಚ್ಚುವುದು ನಿಮ್ಮ ಕಂಪ್ಯೂಟರಲ್ಲ, ಅವರ ಸರ್ವರು.

ಎರಡನೆಯದು ಗಂಟು ಮೂಟೆ: ಜಿಪ್, ಆರ್‌ಎಆರ್, 7ಜೆಡ್, ಐಎಸ್‌ಒ. ಇವುಗಳ ಬಗ್ಗೆ ಹೇಳಬೇಕಾದದ್ದು ಇಷ್ಟೆ: ಒಳಗೆ ಏನಿದೆಯೋ ಅದೇ ಇವುಗಳ ಬಗೆ. ಬಿಚ್ಚುವ ಸಾಫ್ಟ್‌ವೇರ್ ಕೂಡ ಹೊಸದಿರಬೇಕು. 2023ರಲ್ಲಿ ವಿನ್‌ರಾರ್‌ನಲ್ಲಿ ಒಂದು ದೋಷ ಪತ್ತೆಯಾಯಿತು. ಗಂಟಿನೊಳಗೆ ಕಾಣುವ ಚಿತ್ರವನ್ನು ಒತ್ತಿದರೆ, ಅದೇ ಹೆಸರಿನಲ್ಲಿ ಅಡಗಿದ್ದ ಪ್ರೋಗ್ರಾಂ ಓಡುತ್ತಿತ್ತು. ಷೇರು ವ್ಯವಹಾರ ಮಾಡುವವರನ್ನು ಗುರಿಯಾಗಿಸಿ ತಿಂಗಳುಗಟ್ಟಲೆ ಅದನ್ನು ಬಳಸಿದ್ದರು. ಹೊಸ ಆವೃತ್ತಿ ಹಾಕಿಕೊಳ್ಳುವುದೊಂದೇ ಅದಕ್ಕೆ ಮದ್ದಾಗಿತ್ತು.

ಮೂರನೆಯದು ಮಾಡುವ ಫೈಲು. ತೆರೆದರೆ ತೋರಿಸುವುದಿಲ್ಲ, ಕೆಲಸ ಮಾಡುತ್ತದೆ. ವಿಂಡೋಸ್‌ನಲ್ಲಿ ಇಎಕ್ಸ್‌ಇ, ಎಂಎಸ್‌ಐ, ಬ್ಯಾಟ್, ವಿಬಿಎಸ್, ಜೆಎಸ್, ಎಲ್‌ಎನ್‌ಕೆ. ಫೋನಿನಲ್ಲಿ ಎಪಿಕೆ. ಇವು ಇಮೇಲ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಬರುವುದಕ್ಕೆ ನಮ್ಮಂಥವರ ಜೀವನದಲ್ಲಿ ಯಾವ ಸಕಾರಣವೂ ಇಲ್ಲ. ಮದುವೆ ಕರೆಯೋಲೆ ಎಪಿಕೆ ಆಗಿರುವುದಿಲ್ಲ. ಟ್ರಾಫಿಕ್ ಚಲನ್ ಎಪಿಕೆ ಆಗಿರುವುದಿಲ್ಲ. ಸೋದರಮಾವನೇ ಕಳಿಸಿದ್ದರೂ ಆಗಿರುವುದಿಲ್ಲ. ಅವರ ಫೋನು ಈಗಾಗಲೇ ಬೇರೆಯವರ ಕೈಗೆ ಹೋಗಿದೆ ಎಂದು ತಿಳಿದು ಅವರಿಗೆ ಫೋನ್ ಮಾಡಿ ಎಚ್ಚರಿಸಬೇಕು.

ವರ್ಡ್, ಎಕ್ಸೆಲ್ ಫೈಲುಗಳು ಮೊದಲ ಮತ್ತು ಮೂರನೆಯ ರಾಶಿಯ ನಡುವೆ ನಿಲ್ಲುತ್ತವೆ. ನೋಡಲು ಕಾಗದ, ಆದರೆ ಒಳಗೆ ‘ಮ್ಯಾಕ್ರೊ’ ಎಂಬ ಆದೇಶಗಳು ಇರಬಹುದು. ‘ಎನೇಬಲ್ ಕಂಟೆಂಟ್ ಒತ್ತಿ’ ಎಂದು ಕೇಳುವ ಫೈಲು ಕಾಗದವಾಗಿ ಉಳಿಯಲು ಬಯಸುತ್ತಿಲ್ಲ ಎಂದೇ ಅರ್ಥ. ಇಂಟರ್ನೆಟ್ಟಿನಿಂದ ಬಂದ ಫೈಲುಗಳ ಮ್ಯಾಕ್ರೊಗಳನ್ನು ಮೈಕ್ರೋಸಾಫ್ಟ್ 2022ರಲ್ಲಿ ತಾನಾಗಿಯೇ ತಡೆಯತೊಡಗಿತು. ಕೂಡಲೇ ವಂಚಕರು ಐಎಸ್‌ಒ, ಎಲ್‌ಎನ್‌ಕೆ, ಆಮೇಲೆ ಒನ್‌ನೋಟ್ ಫೈಲುಗಳ ಕಡೆ ಹೊರಳಿದರು. ಜನ ಎಂದೂ ಕೇಳಿರದ ಬಾಲಗಳು ಅವರ ಇನ್‌ಬಾಕ್ಸಿಗೆ ಬಂದು ಬಿದ್ದದ್ದು ಹೀಗೆ. ಸಾಫ್ಟ್‌ವೇರಿನ ಒಂದು ತೀರ್ಮಾನ ವಂಚಕರ ದಾರಿಯನ್ನೇ ಬದಲಿಸಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಆ ತೀರ್ಮಾನಕ್ಕೆ ಅಷ್ಟು ವರ್ಷ ಕಾಯಬೇಕಾಗಿತ್ತೇ ಎಂಬ ಪ್ರಶ್ನೆಯೂ ಇದರೊಳಗೇ ಇದೆ.

ಅಭ್ಯಾಸ ಮಾಡಿಸಿದವರು

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ‘ಜಾಗರೂಕರಾಗಿರಿ’ ಎಂದು ನಮಗೆ ಉಪದೇಶಿಸುವ ಸಂಸ್ಥೆಗಳೇ ಅಜಾಗರೂಕತೆಯ ಪಾಠವನ್ನೂ ಹೇಳಿಕೊಡುತ್ತಿವೆ. ಪ್ರತಿ ತಿಂಗಳು ಬರುವ ಸ್ಟೇಟ್‌ಮೆಂಟುಗಳನ್ನು ನೆನಪಿಸಿಕೊಳ್ಳಿ. ಜೊತೆಗೊಂದು ಬೀಗ ಹಾಕಿದ ಪಿಡಿಎಫ್. ಬೀಗದ ಕೈ ಎಲ್ಲಿದೆ ಎಂಬುದು ಅದೇ ಮೇಲ್‌ನಲ್ಲಿ: ನಿಮ್ಮ ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ದಿನ. ಇ-ಆಧಾರಿನದೂ ಇದೇ ರೀತಿ, ಹೆಸರಿನ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ. ಆದಾಯ ತೆರಿಗೆಯ ಐಟಿಆರ್-ವಿಗೆ ಪ್ಯಾನ್ ಮತ್ತು ಜನ್ಮದಿನಾಂಕ. ಈ ಗುಟ್ಟು ನಮ್ಮ ಶಾಲೆಯ ಗೆಳೆಯರಿಗೂ, ಫ್ಲ್ಯಾಟಿನ ಬ್ರೋಕರಿಗೂ, ನಾವು ಆಧಾರ್ ಜೆರಾಕ್ಸ್ ಕೊಟ್ಟ ಪ್ರತಿ ಲಾಡ್ಜಿಗೂ ಗೊತ್ತು.

ಬೀಗದಿಂದ ಏನೂ ಉಪಯೋಗವಿಲ್ಲ ಎನ್ನುತ್ತಿಲ್ಲ. ತಪ್ಪು ವಿಳಾಸಕ್ಕೆ ಹೋದ ಮೇಲ್‌ನ ಮಟ್ಟಿಗೆ ಅದು ಒಂದು ತಡೆ. ಆದರೆ ಬೀಗ ಹಾಕಿದ ಫೈಲಿನ ಒಳಗನ್ನು ಮೇಲ್ ಸರ್ವರಿನ ವೈರಸ್ ಪರೀಕ್ಷೆಯೂ ನೋಡಲಾರದು. ವಂಚಕರು ತಮ್ಮ ಜಿಪ್‌ಗೆ ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡನ್ನು ಮೇಲ್‌ನಲ್ಲೇ ಬರೆದು ಕಳಿಸುವುದು ಇದೇ ಕಾರಣಕ್ಕೆ. ಬ್ಯಾಂಕಿನವರ ಮೇಲ್‌ಗೂ ವಂಚಕರ ಮೇಲ್‌ಗೂ ರೂಪ ಒಂದೇ ಆಗಿಬಿಟ್ಟರೆ, ವ್ಯತ್ಯಾಸ ಗುರುತಿಸಲಿಲ್ಲ ಎಂದು 70 ದಾಟಿದ ನಿವೃತ್ತ ಮೇಷ್ಟ್ರನ್ನು ಬೈಯುವುದು ಎಷ್ಟು ಸರಿ?

ಆಫೀಸುಗಳದು ಇನ್ನೊಂದು ಬಗೆ. ಎಚ್‌ಆರ್‌ನವರ ಕೆಲಸವೇ ದಿನವಿಡೀ ಅಪರಿಚಿತರ ಬಯೊಡೇಟಾ ತೆರೆಯುವುದು. ಅಕೌಂಟ್ಸ್‌ನವರ ಕೆಲಸ ಕಂಡುಕೇಳದ ಸಪ್ಲೈಯರುಗಳ ಬಿಲ್ಲು ತೆರೆಯುವುದು. ಅವರಿಗೆ ‘ಅಪರಿಚಿತರದ್ದು ತೆರೆಯಬೇಡಿ’ ಎಂದರೆ ಕೆಲಸ ಮಾಡಬೇಡಿ ಎಂದಂತೆ. ಆದರೂ ಕೆಲವು ಕಂಪನಿಗಳು ಹುಸಿ ಮೇಲ್ ಕಳಿಸಿ ಪರೀಕ್ಷೆ ಮಾಡುತ್ತವೆ, ಒತ್ತಿದವರ ಹೆಸರನ್ನು ಮ್ಯಾನೇಜರಿಗೆ ತಿಳಿಸುತ್ತವೆ. ಇದರಿಂದ ಜನ ಕಲಿಯುವ ಪಾಠ ಒಂದೇ: ತಪ್ಪಾದರೆ ಬಾಯಿ ಬಿಡಬಾರದು. ಆದರೆ ಅಟ್ಯಾಚ್‌ಮೆಂಟ್ ವಿಷಯದಲ್ಲಿ ಮೊದಲ ಒಂದು ಗಂಟೆಗೆ ಇರುವ ಬೆಲೆ ಮರುದಿನಕ್ಕೆ ಇರುವುದಿಲ್ಲ. ನಾಚಿಕೆಯಿಂದ ಮುಚ್ಚಿಟ್ಟ ಕ್ಲಿಕ್ಕು, ಕ್ಲಿಕ್ಕಿಗಿಂತ ದೊಡ್ಡ ನಷ್ಟ.

ಸಂಸ್ಥೆಗಳು ಬೇರೆ ದಾರಿ ಹಿಡಿಯಬಹುದು. ‘ನಿಮ್ಮ ಸ್ಟೇಟ್‌ಮೆಂಟ್ ಸಿದ್ಧವಿದೆ, ಆ್ಯಪಿನಲ್ಲಿ ನೋಡಿಕೊಳ್ಳಿ’ ಎಂದು ಅಟ್ಯಾಚ್‌ಮೆಂಟೂ ಲಿಂಕೂ ಇಲ್ಲದ ಎರಡು ಸಾಲು ಬರೆದರೆ ಸಾಕು. 2015ರಲ್ಲಿ ಶುರುವಾದ ಡಿಜಿಲಾಕರ್ ತೋರಿಸಿಕೊಟ್ಟದ್ದು ಇದನ್ನೇ: ದಾಖಲೆ ನಮ್ಮ ಬಳಿ ಬರುವುದಕ್ಕಿಂತ ನಾವೇ ಹೋಗಿ ತೆಗೆದುಕೊಳ್ಳುವುದು ಕ್ಷೇಮ. ವಯಸ್ಸಾದವರಿಗೆ ಲಾಗಿನ್ ಕಷ್ಟ, ಮೇಲ್‌ನಲ್ಲಿ ಬಂದ ಪಿಡಿಎಫ್ ಸುಲಭ ಎಂಬ ಮಾತಿನಲ್ಲಿ ಹುರುಳಿದೆ. ಅಂಥವರಿಗಾಗಿ ಪಿಡಿಎಫ್ ಇರಲಿ. ಆದರೆ ಬೇಕು ಎಂದು ಕೇಳಿದವರಿಗೆ ಮಾತ್ರ ಅದು ಹೋಗಲಿ.

ನಮ್ಮ ಕೈಯಲ್ಲಿರುವುದು

ಅವರೆಲ್ಲ ಬದಲಾಗುವವರೆಗೆ ಕಾಯುತ್ತ ಕೂರಲಾಗದು. ನಮ್ಮ ಕೈಯಲ್ಲಿರುವ ಕೆಲವನ್ನು ಹೇಳಿಬಿಡುತ್ತೇನೆ. ವಿಂಡೋಸ್ ಇದ್ದರೆ ಫೈಲ್ ಎಕ್ಸ್‌ಪ್ಲೋರರಿನ ‘ವ್ಯೂ’ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬುದನ್ನು ಇಂದೇ ಟಿಕ್ ಮಾಡಿ. ಹಬ್ಬಕ್ಕೆ ಊರಿಗೆ ಹೋದಾಗ ಮನೆಯ ಕಂಪ್ಯೂಟರಿನಲ್ಲೂ ಮಾಡಿಕೊಟ್ಟು ಬನ್ನಿ. ಅನುಮಾನದ ಫೈಲಿದ್ದರೆ ಕಳಿಸಿದವರಿಗೆ ಫೋನ್ ಮಾಡಿ, ನಿಮ್ಮ ಬಳಿ ಮೊದಲೇ ಇದ್ದ ನಂಬರಿಗೆ. ಅದೇ ಮೇಲ್‌ಗೆ ಉತ್ತರಿಸಿ ಕೇಳಿದರೆ, ಖಾತೆ ಕದ್ದವರೇ ‘ಹೌದು, ನಾನೇ ಕಳಿಸಿದ್ದು’ ಎನ್ನುತ್ತಾರೆ.

ವೈರಸ್‌ಟೋಟಲ್ ಎಂಬ ತಾಣ ಒಂದು ಫೈಲನ್ನು ಹತ್ತಾರು ಆ್ಯಂಟಿವೈರಸ್‌ಗಳಿಂದ ಒಮ್ಮೆಗೇ ಪರೀಕ್ಷಿಸಿ ಹೇಳುತ್ತದೆ. 2012ರಿಂದ ಅದು ಗೂಗಲ್‌ನದು. ಉಪಯುಕ್ತವೇ, ಆದರೆ ಅಲ್ಲಿಗೆ ಏರಿಸಿದ ಫೈಲು ಭದ್ರತಾ ಕಂಪನಿಗಳಿಗೂ ಹಣ ಕೊಟ್ಟ ಚಂದಾದಾರರಿಗೂ ಸಿಗುತ್ತದೆ. ಅಮ್ಮನ ಆಸ್ಪತ್ರೆ ರಿಪೋರ್ಟು, ಆಸ್ತಿ ಪತ್ರ, ಸಂಬಳದ ಚೀಟಿಗಳನ್ನು ಅಲ್ಲಿ ಹಾಕಬೇಡಿ. ಅಲ್ಲಿ ‘ಏನೂ ಸಿಗಲಿಲ್ಲ’ ಎಂದು ಬಂದರೆ ಈವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ ಎಂದಷ್ಟೇ ಅರ್ಥ.

ಒತ್ತಿಬಿಟ್ಟರೆ? ಇಂಟರ್ನೆಟ್ ಕಡಿದುಹಾಕಿ. ಆಫೀಸಿನದಾದರೆ ತಕ್ಷಣ ಐಟಿಯವರಿಗೆ ಹೇಳಿ. ಬೇರೆ ಸಾಧನದಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ, ಮೊದಲು ಇಮೇಲ್‌ನದು, ಆಮೇಲೆ ಬ್ಯಾಂಕಿನದು. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಮನೆಯಲ್ಲಿ ಯಾರಾದರೂ ‘ಏನೋ ಒತ್ತಿಬಿಟ್ಟೆ ಕಣೋ’ ಎಂದು ಫೋನ್ ಮಾಡಿದರೆ ಬೈಯಬೇಡಿ. ಬೈಸಿಕೊಂಡವರು ಮುಂದಿನ ಸಲ ಫೋನ್ ಮಾಡುವುದಿಲ್ಲ.

ಕೊನೆಯದಾಗಿ, ನಾವೂ ಕಳಿಸುವವರೇ. ಖಾಲಿ ಮೇಲ್‌ಗೆ ‘ಪಿಎಫ್‌ಎ’ ಎಂದು ಮೂರಕ್ಷರ ಬರೆದು ಫೈಲು ಸಿಕ್ಕಿಸಿ ಕಳಿಸುವ ಚಾಳಿ ನಮ್ಮ ಆಫೀಸುಗಳಿಂದ ಮನೆಗಳಿಗೂ ಬಂದಿದೆ. ‘ಅಣ್ಣಾ, ಪಾಲುಪಟ್ಟಿಯ ಕರಡು ಕಳಿಸುತ್ತಿದ್ದೇನೆ, ಪಿಡಿಎಫ್, ಆರು ಪುಟ, ನಿನ್ನೆ ಫೋನಿನಲ್ಲಿ ಹೇಳಿದ್ದು ಮೂರನೆಯ ಪುಟದಲ್ಲಿದೆ’ ಎಂದು ಒಂದು ಸಾಲು ಬರೆಯಲು ಅರ್ಧ ನಿಮಿಷ ಸಾಕು. ವಂಚಕರಿಗೆ ನಿನ್ನೆಯ ಫೋನಿನ ಮಾತು ಗೊತ್ತಿರುವುದಿಲ್ಲ. ಇಂಥ ಸಾಲು ಬರೆಯುವುದು ರೂಢಿಯಾದ ಕಡೆ, ಆ ಸಾಲಿಲ್ಲದೆ ಬಂದ ಫೈಲು ತಾನಾಗಿಯೇ ಎದ್ದು ಕಾಣುತ್ತದೆ.